ಚೌಕದ ಮೇಲೆ ಗುಮ್ಮಟ: ಪರ್ಷಿಯನ್ ಮಸೀದಿಯ ನಕ್ಷೆ ಬರೆಯುವ ಬಗೆ

ಸೋಲಾಪುರ, ಅಕ್ಕಲಕೋಟೆಯವರಿಗೆ ಕಲಬುರಗಿ ರೈಲಿನಲ್ಲಿ ದೂರವೇನಲ್ಲ. ಅಲ್ಲಿನ ಕೋಟೆಯ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ ಎಂದು ಶಾಸನ ಹೇಳುತ್ತದೆ. ನೋಡಲು ಹೋಗುವ ಮುಂಚೆ ಈ ನಕ್ಷೆ ಬರೆದುಕೊಳ್ಳಿ. ಎಲ್ಲರ ಕಣ್ಣೂ ಗುಮ್ಮಟದ ನೆತ್ತಿಗೆ ಹೋಗುತ್ತದೆ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಲ್ಲ, ಕಟ್ಟಿದವರ ಜಾಣ್ಮೆ ಇರುವುದು ಕೋಣೆಯ ಮೂಲೆಯಲ್ಲಿ.

10 ಸೆಂ.ಮೀ. ಚೌಕ ಎಳೆದು ಎರಡೂ ಕರ್ಣ ಹಾಕಿ. ಕೈವಾರದ ಮುಳ್ಳನ್ನು ಒಂದು ಮೂಲೆಯಲ್ಲಿಟ್ಟು ಪೆನ್ಸಿಲನ್ನು ಕರ್ಣಗಳು ಕೂಡುವಲ್ಲಿಗೆ ಹಿಗ್ಗಿಸಿ, ಪಕ್ಕದ ಎರಡು ಬದಿಗಳ ಮೇಲೆ ಗುರುತು ಮಾಡಿ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಎಂಟು ಗುರುತು ಸಿಗುತ್ತವೆ. ಪ್ರತಿ ಮೂಲೆಯ ಹತ್ತಿರದ ಎರಡು ಗುರುತು ಸೇರಿಸಿ: 4.14 ಸೆಂ.ಮೀ. ಬದಿಯ ಅಷ್ಟಕೋನ. ಮೂಲೆಗೆ ಅಡ್ಡ ಬಂದ ನಾಲ್ಕು ಗೆರೆಗಳೇ ಮೂಲೆಗಮಾನುಗಳ, ಅಂದರೆ ಮೂಲೆಗೆ ಅಡ್ಡಲಾಗಿ ಕಟ್ಟುವ ಕಮಾನುಗಳ, ಜಾಗ. ಕರ್ಣಗಳು ಕೂಡುವಲ್ಲಿಂದ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ, ಅದೇ ಗುಮ್ಮಟದ ಬುಡ; ಅದು ಅಷ್ಟಕೋನದ ಬದಿಗಳಿಗೆ ತಾಗಿ ನಿಲ್ಲಬೇಕು.

ಇಲ್ಲಿ ಸ್ಕೇಲಿಟ್ಟು 7 ಸೆಂ.ಮೀ. ಅಳೆದುಬಿಡುವವರೇ ಹೆಚ್ಚು. ಬೇಕಾದದ್ದು 7.07. ಹಾಗೆ ಅಳೆದರೆ ಅಡ್ಡಗೆರೆ ಅರ್ಧ ಮಿ.ಮೀ. ಒಳಸರಿದು, 5 ಸೆಂ.ಮೀ. ತ್ರಿಜ್ಯದ ವೃತ್ತ ಅದನ್ನು ದಾಟಿಹೋಗುತ್ತದೆ. ಕಾಗದದಲ್ಲಿ ಕಾಣದ ಈ ತಪ್ಪು 10 ಮೀಟರ್ ಕೋಣೆಯಲ್ಲಿ 5 ಸೆಂ.ಮೀ. ಆಗುತ್ತದೆ.

ಚೌಕದ ಮೂಲೆಗೂ ವೃತ್ತಕ್ಕೂ ನಡುವೆ 20.7 ಮಿ.ಮೀ. ಖಾಲಿ ಇತ್ತು. ಅಷ್ಟಕೋನದಲ್ಲಿ ಅದು 4.1ಕ್ಕೆ ಇಳಿಯಿತು. ಅದರ ಮೇಲೆ ಹದಿನಾರು ಬದಿ ಮಾಡಿದರೆ 1 ಮಿ.ಮೀ. ಆಸುಪಾಸು, ಅಷ್ಟನ್ನು ಇಟ್ಟಿಗೆ, ಗಾರೆಯೇ ತುಂಬಿಕೊಳ್ಳುತ್ತದೆ. ಇರಾನಿನ ಇಸ್ಫಹಾನ್ ನಗರದ ಜಾಮಿ ಮಸೀದಿಯಲ್ಲಿ ವಜೀರ ನಿಜಾಮ್ ಉಲ್ ಮುಲ್ಕ್ 1086-87ರ ಹೊತ್ತಿಗೆ ಕಟ್ಟಿಸಿದ ಗುಮ್ಮಟದ ಕೆಳಗೆ ಚೌಕ, ಎಂಟು ಬದಿ, ಹದಿನಾರು ಬದಿ ಎಂಬ ಈ ಹಂತಗಳನ್ನು ಬರಿಗಣ್ಣಿಗೇ ಎಣಿಸಬಹುದು. ಅಲ್ಲಿನ ಮೂಲೆಗಮಾನು ಮೂರು ದಳದ್ದು. ಭಾರವೆಲ್ಲ ಈ ಕಮಾನುಗಳ ಮೂಲಕ ಗೋಡೆಗೆ ಇಳಿಯುವುದರಿಂದ ಗೋಡೆ ದಪ್ಪವಿರಲೇಬೇಕು. ತೆಳುವಾದರೆ ಕಮಾನಿನ ಕಾಲು ಹೊರಜಾರಿ ನೆತ್ತಿ ಬಿರಿಯುತ್ತದೆ.

ಅಂಗಳ ಆಮೇಲೆ ಬರೆಯಿರಿ. ಇಸ್ಫಹಾನಿನಲ್ಲೂ ಗುಮ್ಮಟ ಮೊದಲು, ಅಂಗಳದ ನಾಲ್ಕು ಐವಾನ್‌ಗಳು 12ನೇ ಶತಮಾನದಲ್ಲಿ ಬಂದವು. ಐವಾನ್ ಎಂದರೆ ಮೂರು ಕಡೆ ಗೋಡೆ, ಅಂಗಳದ ಕಡೆ ಪೂರ್ತಿ ತೆರೆದ ಎತ್ತರದ ಕಮಾನು ಮಂಟಪ. ಪ್ರತಿ ಬದಿಯ ನಡುವೆ ಒಂದೊಂದು. ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾ ದಿಕ್ಕು) ಕಡೆಯ ಐವಾನ್‌ನ ಹಿಂದೆ ಗುಮ್ಮಟದ ಕೋಣೆ. ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕೆ, ಇಸ್ಫಹಾನಿಗೆ ನೈಋತ್ಯಕ್ಕೆ. ದಿಕ್ಕಿನ ಬಾಣ ಮೊದಲೇ ಹಾಕಿಕೊಳ್ಳಿ.

ಕಲಬುರಗಿಯಲ್ಲಿ ತೆರೆದ ಅಂಗಳ ಹುಡುಕಬೇಡಿ, ಅಲ್ಲಿ ಇಡೀ ಮಸೀದಿಗೆ ಛಾವಣಿಯಿದೆ. ನಾಲ್ಕು ಐವಾನ್‌ಗಳ ಅಂಗಳಕ್ಕೆ ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ (1472) ಹೋಗಿ; ಮುಂಭಾಗದಲ್ಲಿ ಬಣ್ಣದ ಹೆಂಚಿನ ಕೆಲಸವೂ ಉಳಿದಿದೆ. ಸೋಲಾಪುರದವರಿಗೆ ಹತ್ತಿರದ ಗೋಳಗುಮ್ಮಟದಲ್ಲಿ ಮೂಲೆ ತುಂಬುವ ರೀತಿಯೇ ಬೇರೆ: ಒಂದನ್ನೊಂದು ಹಾಯುವ ಎಂಟು ಕಮಾನುಗಳು. ಅದಕ್ಕೆ ಅದೇ ಚೌಕದ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ ಬರೆದುಕೊಂಡು ಹೋಗಿ.