ಕೋಡ್ ಯಾರ ಫೋನಿಗೆ ಬರುತ್ತದೆ? ಬ್ರಿಟನ್ನಿನಲ್ಲಿ ಸಣ್ಣ ವ್ಯಾಪಾರ ಶುರುಮಾಡಿದವರಿಗೆ

ಇಲ್ಲಿ ಬಂದು ಸಣ್ಣದೊಂದು ವ್ಯಾಪಾರ ಶುರುಮಾಡಿದ ನಮ್ಮವರು ಯಾರೇ ಸಿಕ್ಕರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇಲ್ಲಿನ ತೆರಿಗೆ ಕೆಲಸಗಳ ಆನ್‌ಲೈನ್ ಖಾತೆಯಾದ ಗವರ್ನಮೆಂಟ್ ಗೇಟ್‌ವೇಗೆ ಲಾಗಿನ್ ಆಗುವಾಗ ಆರಂಕಿಯ ಕೋಡ್ ಯಾರ ಫೋನಿಗೆ ಬರುತ್ತದೆ?

ಕಳೆದ ತಿಂಗಳು ಲಂಡನ್ ಬಳಿಯ ಸ್ಲೌನಿಂದ ಫೋನ್ ಮಾಡಿದ ಹುಡುಗಿಯನ್ನೂ ಕೇಳಿದೆ. ಹೊಸದಾಗಿ ಕಂಪನಿ ತೆರೆದಿದ್ದಾಳೆ, ಉತ್ಸಾಹದಲ್ಲಿದ್ದಾಳೆ. "ಅದೆಲ್ಲ ಅಕೌಂಟೆಂಟ್ ನೋಡ್ಕೋತಾರೆ ಅಕ್ಕ, ನನಗ್ಯಾಕೆ ಲಾಗಿನ್?" ಅಂದಳು. ಕೆಲವು ವರ್ಷಗಳ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಆ ಮಾತಿಗೆ 950 ಪೌಂಡ್ ದಂಡ ತೆತ್ತಿದ್ದೇನೆ, ಜೊತೆಗೆ ಒಂದು ಇಡೀ ಬೇಸಿಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೋಲ್ ಟ್ರೇಡರ್ ಅಂದರೇನು, ಲಿಮಿಟೆಡ್ ಕಂಪನಿ ಅಂದರೇನು, ಬ್ಯಾಂಕ್ ಖಾತೆ ಎಲ್ಲಿ ತೆರೆಯಬೇಕು ಎಂಬುದನ್ನೆಲ್ಲ ನೀವು ಆಗಲೇ ಹುಡುಕಿ ಓದಿರುತ್ತೀರಿ. ವೀಸಾದ ಬಗ್ಗೆ ಮಾತ್ರ ಒಂದು ಮಾತು: ಸ್ಟೂಡೆಂಟ್ ವೀಸಾದವರು ಸ್ವಂತ ವ್ಯಾಪಾರ ಮಾಡುವಂತಿಲ್ಲ, "ಸಣ್ಣದಲ್ವಾ" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್ ಆಗಿ ಬಂದ ಗಂಡ ಅಥವಾ ಹೆಂಡತಿ ಮಾಡಬಹುದು. ನಾನು ಶುರುಮಾಡಿದ್ದೂ ಹಾಗೆಯೇ.

ನನ್ನದು ಬ್ಲೌಸ್ ಹೊಲಿಯುವ ಕೆಲಸ. ಅಳತೆ ಬ್ಲೌಸ್ ಕಳಿಸಿದರೆ ಹೊಸದು ಹೊಲಿದು, ಸೀರೆಗೆ ಫಾಲ್ ಹಚ್ಚಿ ಅಂಚೆಯಲ್ಲಿ ಕಳಿಸುತ್ತೇನೆ. 2018ರ ಮಾರ್ಚಿನಲ್ಲಿ ಕಂಪನಿ ಮಾಡಿಸಿದೆ. ಆಗ ಆನ್‌ಲೈನ್ ನೋಂದಣಿಗೆ ಬರೀ 12 ಪೌಂಡ್, 2024ರ ಮೇ 1ರಿಂದ ಅದು 50 ಆಯಿತು, ಆಮೇಲೆ ಮತ್ತೂ ಏರಿದೆ. ಪರಿಚಯದವರು ಹೇಳಿದ ಅಕೌಂಟೆಂಟ್ ಒಬ್ಬರು "ನೀವು ಹೊಲಿಗೆ ನೋಡಿಕೊಳ್ಳಿ, ಮಿಕ್ಕಿದ್ದು ನನಗೆ ಬಿಡಿ" ಅಂದರು. ಊರಲ್ಲಿ ನಮ್ಮ ತಂದೆಯ ಅಂಗಡಿಗೂ ಆಡಿಟರ್ ಇದ್ದರು. ಫೈಲು, ಪಾಸ್‌ವರ್ಡು, ಸಹಿ ಮಾಡಿದ ಖಾಲಿ ಚೆಕ್ಕು ಎಲ್ಲ ಅವರ ಬೀರುವಿನಲ್ಲೇ. ನನಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ.

ಅವರು ಮಾಡಿದ್ದು ಮೂರು ಕೆಲಸ. ಗೇಟ್‌ವೇ ಐಡಿಯನ್ನು ತಮ್ಮ ಇಮೇಲಿಗೂ ತಮ್ಮ ಮೊಬೈಲಿಗೂ ಜೋಡಿಸಿದರು. ಕಂಪನಿಯ ರಿಜಿಸ್ಟರ್ಡ್ ಆಫೀಸ್, ಅಂದರೆ ಸರ್ಕಾರದ ಕಾಗದಗಳು ಬರುವ ಅಧಿಕೃತ ವಿಳಾಸ, ಅಂತ ತಮ್ಮ ಕಚೇರಿಯ ವಿಳಾಸ ಕೊಟ್ಟರು. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಕಂಪನೀಸ್ ಹೌಸ್. ಅಲ್ಲಿ ಕಂಪನಿಯ ಪರವಾಗಿ ಆನ್‌ಲೈನಿನಲ್ಲಿ ಏನು ಸಲ್ಲಿಸಲೂ ಬೇಕಾದ ಗುಪ್ತ ಅಥೆಂಟಿಕೇಷನ್ ಕೋಡನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಮೊದಲ ಎರಡು ವರ್ಷ ಎಲ್ಲವೂ ಸಮಯಕ್ಕೆ ಸರಿಯಾಗಿ ಆಯಿತು. 2021ರಲ್ಲಿ ಅವರು ಕಚೇರಿ ಮುಚ್ಚಿದರು. ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ನನಗೆ ಒಂದೇ ಒಂದು ಕಾಗದವೂ ಬರುತ್ತಿರಲಿಲ್ಲ. ಕಾಗದ ಬರದಿದ್ದರೆ ಎಲ್ಲ ಸರಿಯಿದೆ ಅಂದುಕೊಂಡಿದ್ದೆ.

2022ರ ಏಪ್ರಿಲ್ ಕೊನೆಗೆ, ದೊಡ್ಡ ಆರ್ಡರ್ ಕೊಡಬೇಕಿದ್ದ ಅಂಗಡಿಯವರೊಬ್ಬರು ಫೋನ್ ಮಾಡಿ, "ನಿಮ್ಮ ಕಂಪನಿಯ ಲೆಕ್ಕಪತ್ರ ಓವರ್‌ಡ್ಯೂ ಅಂತ ತೋರಿಸ್ತಿದೆಯಲ್ಲ" ಅಂದರು. ಇಲ್ಲಿ ಕಂಪನೀಸ್ ಹೌಸ್‌ನ ದಾಖಲೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನನ್ನ ಕಂಪನಿಯ ಗತಿ ನನಗಿಂತ ಮೊದಲು ಗಿರಾಕಿಗೆ ಗೊತ್ತಾಗಿತ್ತು. 2021ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ಕ್ಕೆ ಹೋಗಬೇಕಿತ್ತು. ಹೋಗಿರಲಿಲ್ಲ. ತೆರಿಗೆ ಇಲಾಖೆಗೆ, ಅಂದರೆ ಎಚ್‌ಎಂಆರ್‌ಸಿಗೆ, ಕಾರ್ಪೊರೇಷನ್ ಟ್ಯಾಕ್ಸ್ ರಿಟರ್ನ್ 2022ರ ಮಾರ್ಚ್ 31ರೊಳಗೆ ಹೋಗಬೇಕಿತ್ತು. ಅದೂ ಹೋಗಿರಲಿಲ್ಲ. ಇವೆರಡೂ ಬೇರೆಬೇರೆ ಕಚೇರಿ, ಬೇರೆಬೇರೆ ಗಡುವು, ಬೇರೆಬೇರೆ ದಂಡ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ತಲುಪಿತು ಎಂದು ನಂಬಬೇಡಿ.

ಲೆಕ್ಕ ನಾನೇ ಕೂತು ಬರೆದೆ, ವಾರದಲ್ಲಿ ಮುಗಿಯಿತು. ಸಲ್ಲಿಸಲು ಹೋದರೆ ಅಥೆಂಟಿಕೇಷನ್ ಕೋಡ್ ಬೇಕು. ಆ ಕೋಡ್ ಅಂಚೆಯಲ್ಲಿ ರಿಜಿಸ್ಟರ್ಡ್ ಆಫೀಸಿಗೆ ಹೋಗುತ್ತದೆ. ಆ ಆಫೀಸು ಮುಚ್ಚಿದೆ. ವಿಳಾಸ ಬದಲಿಸೋಣವೆಂದರೆ ಆನ್‌ಲೈನಿನಲ್ಲಿ ಅದಕ್ಕೂ ಅದೇ ಕೋಡ್ ಬೇಕು. ಎರಡು ದಿನ ಇದರಲ್ಲೇ ಸುತ್ತಿದೆ. ಕೊನೆಗೆ ಗೊತ್ತಾದ ದಾರಿ ಎಂದರೆ ಎಡಿ01 ಎಂಬ ಫಾರ್ಮನ್ನು ಕಾಗದದಲ್ಲಿ ತುಂಬಿ ಅಂಚೆಯಲ್ಲಿ ಕಳಿಸುವುದು. ಅದಕ್ಕೆ ಕೋಡ್ ಬೇಡ. ಕೋಡನ್ನು ನಿರ್ದೇಶಕರ ಮನೆಯ ವಿಳಾಸಕ್ಕೆ ಕಳಿಸಿ ಎಂದು ಕೇಳುವ ಸೇವೆಯೂ ಇದೆ, ಇದೇ ಬಲೆಯಲ್ಲಿ ಸಿಕ್ಕವರು ಮೊದಲು ಅದನ್ನು ನೋಡಿ. ವಿಳಾಸ ಬದಲಾಗಿ, ಕೋಡ್ ಬಂದು, ಲೆಕ್ಕ ಸಲ್ಲಿಸುವಷ್ಟರಲ್ಲಿ ಜೂನ್ ಮೂರನೇ ವಾರ. ಮೂರು ತಿಂಗಳು ದಾಟಿ ಆರು ತಿಂಗಳೊಳಗಿನ ವಿಳಂಬಕ್ಕೆ ಕಂಪನೀಸ್ ಹೌಸ್ ದಂಡ 750 ಪೌಂಡ್. ಇನ್ನು ಹತ್ತು ದಿನ ತಡವಾಗಿದ್ದರೆ 1500. ಸತತ ಎರಡು ವರ್ಷ ತಡವಾದರೆ ದಂಡ ಇಮ್ಮಡಿ.

ಎಚ್‌ಎಂಆರ್‌ಸಿಯದು ಇನ್ನೊಂದು ಗಂಟು. ಹೊಸ ಗೇಟ್‌ವೇ ಐಡಿ ಮಾಡಿಕೊಂಡು ಕಂಪನಿಯ ತೆರಿಗೆಯನ್ನು ಸೇರಿಸಲು ಹೋದೆ. ಅದು ಆಗಲೇ ಇನ್ನೊಂದು ಐಡಿಗೆ ಸೇರಿದೆ ಎಂದು ಬಂತು. ಸಹಾಯವಾಣಿಗೆ ಫೋನ್ ಮಾಡಿ, ನಾನೇ ನಿರ್ದೇಶಕಿ ಎಂದು ತೋರಿಸಿಕೊಟ್ಟು, ಹಳೆಯದರಿಂದ ಬಿಡಿಸಿ ಹೊಸದಕ್ಕೆ ಸೇರಿಸುವ ಹೊತ್ತಿಗೆ ಜುಲೈ ಬಂತು. ಗಡುವು ದಾಟಿದ ಮರುದಿನ ಆಗ 100 ಪೌಂಡ್ ದಂಡವಿತ್ತು, ಮೂರು ತಿಂಗಳಾದ ಮೇಲೆ ಇನ್ನೊಂದು 100. ಆರು ತಿಂಗಳಾದರೆ ನಿಮ್ಮ ತೆರಿಗೆಯನ್ನು ಇಲಾಖೆಯೇ ಅಂದಾಜು ಮಾಡಿ ಅದರ ಮೇಲೆ ಶೇಕಡಾ 10 ದಂಡ ಹಾಕುತ್ತದೆ.

ಮೇಲ್ಮನವಿ ಬರೆಯಲಿಲ್ಲವೇ ಎಂದು ಕೇಳುತ್ತಾರೆ. ಬರೆದೆ. ನಂಬಿದ ಅಕೌಂಟೆಂಟ್ ಕೈಕೊಟ್ಟರು ಎಂಬುದು ಇಲ್ಲಿ ಒಪ್ಪುವಂಥ ಕಾರಣವಲ್ಲ. ಯಾರ ಕೈಲೇ ಮಾಡಿಸಿ, ಹೊಣೆ ನಿರ್ದೇಶಕರದು. ಆಗ ಕಣ್ಣೀರು ಬಂದಿತ್ತು. ಈಗ ಆ ನಿಯಮ ನ್ಯಾಯವೆಂದೇ ಅನ್ನಿಸುತ್ತದೆ, ಆದರೆ ಅದನ್ನು ಮೊದಲ ದಿನವೇ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಇನ್ನೂ ಸುಮ್ಮನಿದ್ದಿದ್ದರೆ ಕಂಪನಿಯ ಹೆಸರನ್ನೇ ರಿಜಿಸ್ಟರಿನಿಂದ ಹೊಡೆದುಹಾಕುತ್ತಿದ್ದರು. ಹಾಗಾದಾಗ ಕಂಪನಿಯ ಖಾತೆಯಲ್ಲಿ ಉಳಿದ ಹಣ ರಾಜಪ್ರಭುತ್ವಕ್ಕೆ ಸೇರುತ್ತದೆ. ಅದರ ಎಚ್ಚರಿಕೆಯ ಕಾಗದವೂ ಹೋಗುವುದು ಅದೇ ಮುಚ್ಚಿದ ಬಾಗಿಲಿಗೆ.

ಅಕೌಂಟೆಂಟ್ ಬೇಡ ಎನ್ನುತ್ತಿಲ್ಲ. ಈಗಲೂ ನನಗೊಬ್ಬರಿದ್ದಾರೆ, ಒಳ್ಳೆಯವರು. ಆದರೆ ಅವರಿಗೆ ನನ್ನ ಪಾಸ್‌ವರ್ಡ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅಕೌಂಟೆಂಟರಂಥ ಏಜೆಂಟರಿಗೆ ಎಚ್‌ಎಂಆರ್‌ಸಿ ಅವರದೇ ಪ್ರತ್ಯೇಕ ಖಾತೆ ಕೊಡುತ್ತದೆ. ಕೆಲವು ತೆರಿಗೆಗಳಿಗೆ ಅವರು ಒಂದು ಲಿಂಕ್ ಕಳಿಸುತ್ತಾರೆ, ನೀವು ನಿಮ್ಮ ಐಡಿಯಿಂದ ಒಳಹೋಗಿ ಒಪ್ಪಿಗೆ ಕೊಡುತ್ತೀರಿ. ಇಲ್ಲವೇ 64-8 ಎಂಬ ಫಾರ್ಮಿಗೆ ಸಹಿ ಹಾಕುತ್ತೀರಿ. ಬೇಡವಾದ ದಿನ ನೀವೇ ತೆಗೆದುಹಾಕಬಹುದು. "ನಿಮ್ಮ ಲಾಗಿನ್ ಕೊಡಿ, ಬೇಗ ಆಗುತ್ತೆ" ಎನ್ನುವವರ ಬಳಿ ಕೆಲಸ ಕೊಡಬೇಡಿ. ಅವರು ಎಷ್ಟೇ ಕಡಿಮೆ ಫೀಸು ಹೇಳಲಿ, ನಮ್ಮ ಭಾಷೆಯವರೇ ಆಗಿರಲಿ.

2024ರ ಮಾರ್ಚ್ 4ರಿಂದ ಪ್ರತಿ ಕಂಪನಿಯೂ ಕಂಪನೀಸ್ ಹೌಸ್‌ಗೆ ಒಂದು ಇಮೇಲ್ ವಿಳಾಸ ಕೊಡಲೇಬೇಕು. ಅದು ಸಾರ್ವಜನಿಕರಿಗೆ ಕಾಣುವುದಿಲ್ಲ. ಹೊಸಬರಲ್ಲಿ ಅನೇಕರ ಫಾರ್ಮಿನಲ್ಲಿ ಅಲ್ಲಿ ಅಕೌಂಟೆಂಟರ ಇಮೇಲ್ ಕೂತಿರುವುದನ್ನು ನೋಡಿದ್ದೇನೆ. ಇಂದೇ ನೋಡಿ, ನಿಮ್ಮದಲ್ಲದಿದ್ದರೆ ಬದಲಿಸಿ. ಜೊತೆಗೆ ಇಮೇಲ್ ರಿಮೈಂಡರ್ ಸೇವೆ ಉಚಿತ, ನಾಲ್ಕು ಜನರವರೆಗೆ ಹೆಸರು ಕೊಡಬಹುದು. ನನ್ನದು, ನಮ್ಮ ಯಜಮಾನರದು, ಅಕೌಂಟೆಂಟರದು ಮೂರೂ ಇವೆ. ಕಂಪನಿಯ ಸಾರ್ವಜನಿಕ ಪುಟದಲ್ಲಿ 'ಫಾಲೋ' ಒತ್ತಿಟ್ಟರೆ ನಿಮ್ಮ ಕಂಪನಿಯ ಹೆಸರಿನಲ್ಲಿ ಯಾರು ಏನು ಸಲ್ಲಿಸಿದರೂ ನಿಮಗೆ ಇಮೇಲ್ ಬರುತ್ತದೆ.

ಮನೆಯ ವಿಳಾಸ ಎಲ್ಲರಿಗೂ ಕಾಣುತ್ತದೆಂಬ ಹಿಂಜರಿಕೆ ನನಗೂ ಇತ್ತು. ಅಂಥವರು ಕಾಗದ ಮುಂದಕ್ಕೆ ಕಳಿಸುವ ವಿಳಾಸ ಸೇವೆಯನ್ನು ನಿಮ್ಮ ಹೆಸರಲ್ಲೇ, ನಿಮ್ಮ ಕಾರ್ಡಿನಿಂದಲೇ ಕೊಳ್ಳಿ. ಬರೀ ಪಿಒ ಬಾಕ್ಸ್ ಈಗ ನಡೆಯುವುದಿಲ್ಲ.

2025ರ ನವೆಂಬರ್ 18ರಿಂದ ನಿರ್ದೇಶಕರು ತಮ್ಮ ಗುರುತು ದೃಢಪಡಿಸುವುದು ಕಡ್ಡಾಯ. ಸರ್ಕಾರದ ಜಾಲತಾಣ ಗವ್ ಡಾಟ್ ಯುಕೆಯ ಒನ್ ಲಾಗಿನ್ ಎಂಬ ಖಾತೆಯ ಮೂಲಕ ನೀವೇ ಮಾಡಿಕೊಂಡರೆ ಕಾಸಿಲ್ಲ. ಚಿಪ್ ಇಲ್ಲದ ನಮ್ಮ ಹಳೆಯ ಪಾಸ್‌ಪೋರ್ಟನ್ನು ಅದರ ಆ್ಯಪ್ ಒಪ್ಪುವುದಿಲ್ಲ, ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು. ಕೊನೆಗೆ ಸಿಗುವ ಹನ್ನೊಂದು ಅಕ್ಷರದ ಕೋಡ್ ಕಂಪನಿಗಲ್ಲ, ನಿಮಗೆ ಸೇರಿದ್ದು.

ಈ ವಿಚಾರದಲ್ಲಿ ಭಾರತದ ಪದ್ಧತಿ ಅರ್ಧ ಉತ್ತಮ, ಅರ್ಧ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಸಣ್ಣ ಉದ್ದಿಮೆಗಳ 'ಉದ್ಯಮ್' ನೋಂದಣಿಗೆ ಆಧಾರ್ ಒಟಿಪಿ ನಿಮ್ಮ ಫೋನಿಗೇ ಬರುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಅಂಚೆಗೆ ಕಾಯುವ ಇಲ್ಲಿನ ಪದ್ಧತಿಗಿಂತ ಅದು ಎಷ್ಟೋ ವಾಸಿ. ಆದರೆ ಮಿಕ್ಕ ಪೋರ್ಟಲ್‌ಗಳಲ್ಲಿ ಆಡಿಟರ ಇಮೇಲು, ಆಡಿಟರ ಮೊಬೈಲು ಹಾಕಿಸಿ ನಿಶ್ಚಿಂತೆಯಾಗಿರುವ ಚಾಳಿಯನ್ನು ನಾವು ವಿಮಾನದಲ್ಲಿ ಜೊತೆಗೇ ತಂದಿದ್ದೇವೆ.

ಕಂಪನಿ ಮಾಡದೆ ಸ್ವಂತ ಹೆಸರಲ್ಲೇ ವ್ಯಾಪಾರ ಮಾಡುವ ಸೋಲ್ ಟ್ರೇಡರ್‌ಗಳಿಗೂ ಇದು ಅನ್ವಯ. 2026ರ ಏಪ್ರಿಲ್ 6ರಿಂದ ವರ್ಷಕ್ಕೆ 50,000 ಪೌಂಡ್ ಮೀರಿದ ಆದಾಯದವರು ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕವೇ ಲೆಕ್ಕ ಕಳಿಸಬೇಕು. 2027ರಲ್ಲಿ ಆ ಮಿತಿ 30,000ಕ್ಕೆ, 2028ರಲ್ಲಿ 20,000ಕ್ಕೆ ಇಳಿಯುತ್ತದೆ. ಇದು ಖರ್ಚು ಕಳೆಯುವ ಮೊದಲಿನ ಮೊತ್ತ, ಲಾಭವಲ್ಲ. ಆ ಸಾಫ್ಟ್‌ವೇರಿನ ಚಂದಾ ನಿಮ್ಮ ಹೆಸರಲ್ಲಿರಲಿ. ಅಕೌಂಟೆಂಟರ ಹೆಸರಲ್ಲಿದ್ದರೆ ಅವರನ್ನು ಬಿಟ್ಟ ದಿನ ನಿಮ್ಮ ಲೆಕ್ಕಗಳೂ ಅವರ ಬಳಿಯೇ ಉಳಿಯುತ್ತವೆ.

ವೆಬ್‌ಸೈಟ್ ಮಾಡಿಕೊಡುವವರ ವಿಷಯವೂ ಅಷ್ಟೇ. ಡೊಮೇನ್ ಹೆಸರು ಯಾರ ಹೆಸರಲ್ಲಿದೆ ನೋಡಿ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಅವರನ್ನು ಮ್ಯಾನೇಜರ್ ಮಾಡಿ, ಓನರ್ ನೀವೇ ಇರಿ. ಇನ್ನು ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತುಗಳು: ಉಚಿತವಾಗಿ ಸಿಗುವ ತೆರಿಗೆ ನೋಂದಣಿಗೆ ದುಡ್ಡು ಕೇಳುವ ತಾಣಗಳಿವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಯುಕೆ ಇಲ್ಲದಿದ್ದರೆ ಮುಚ್ಚಿ ಹೊರಬನ್ನಿ.

ಸ್ಲೌನ ಹುಡುಗಿಗೆ ಅಂದೇ ಸಂಜೆ ಸ್ವಂತ ಐಡಿ ಮಾಡಿಸಿದೆ. ಅದಕ್ಕೆ ಸೆಲ್ಫ್ ಅಸೆಸ್‌ಮೆಂಟ್, ಅಂದರೆ ಅವಳ ಸ್ವಂತ ಆದಾಯದ ತೆರಿಗೆ ಲೆಕ್ಕ, ಸೇರಿಸಲು ಹೊರಟಾಗ ತಡೆದೆ. ಅದರ ಆ್ಯಕ್ಟಿವೇಷನ್ ಕೋಡ್ ಅಂಚೆಯಲ್ಲಿ ಬರಲು ಕೆಲವು ದಿನ ಬೇಕು, 28 ದಿನಕ್ಕೆ ಅದರ ಅವಧಿ ಮುಗಿಯುತ್ತದೆ. ಅವಳು ಅದರ ಮುಂದಿನ ವಾರವೇ ತಂಗಿಯ ಮದುವೆಗೆಂದು ಆರು ವಾರ ಊರಿಗೆ ಹೊರಡುವವಳಿದ್ದಳು. ವಾಪಸ್ ಬಂದ ದಿನ ಕೋಡ್ ಕೇಳು ಎಂದಿದ್ದೇನೆ.