ನುಡಿ ಫೈಲು, ಸೊನ್ನೆ, ಕಂದಪದ್ಯ: ಕಿವಿಯಲ್ಲಿ ಓದುವವರಿಗೆ ನಮ್ಮ ಲೈಬ್ರರಿ ಪಠ್ಯ ಸಿದ್ಧಪಡಿಸುವ ಬಗೆ

ತುಮಕೂರಿನ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಪದವಿ, ಸ್ನಾತಕೋತ್ತರ ಎರಡೂ ಇವೆ. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ಮಕ್ಕಳೇ ಹೆಚ್ಚು. ವಿಕಲಚೇತನ ವಿದ್ಯಾರ್ಥಿಗಳಿಗೆ ಏನೇನು ವ್ಯವಸ್ಥೆ ಮಾಡಿದ್ದೀರಿ ಅಂತ ಬೇರೆ ಕಾಲೇಜಿನವರು ವಿಚಾರಿಸುವಾಗ ಮೊದಲು ಕೇಳುವುದು, ‘ಯಾವ ಮೆಷಿನ್ ತರಿಸಿದಿರಿ?’ ಅಂತ. ಮೆಷಿನ್ನಿನ ಕಥೆ ಚಿಕ್ಕದು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಅದನ್ನು ಹಾಕಿ ಮೂಲೆಯಲ್ಲಿಟ್ಟ ಕಂಪ್ಯೂಟರಿಗಿಂತ ಹುಡುಗರ ಜೇಬಿನ ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಟಾಕ್‌ಬ್ಯಾಕೇ ಹೆಚ್ಚು ದುಡಿಯುತ್ತದೆ. ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ, ಊರಿನಲ್ಲಿ ಎಲ್ಲಿ ಬೇಕಾದರೂ ಕೇಳಬಹುದಲ್ಲ!

ಕಷ್ಟ ಇದ್ದದ್ದು ಅದಕ್ಕೆ ಓದಲು ಕೊಡುವ ಪಠ್ಯದಲ್ಲಿ.

ಕಾಣದವರಿಗೆ ಆನ್‌ಲೈನಿನಲ್ಲಿ ‘ಸುಗಮ್ಯ ಪುಸ್ತಕಾಲಯ’ ಇದೆ. 2016ರಲ್ಲಿ ಶುರುವಾದ ಈ ಗ್ರಂಥಾಲಯಕ್ಕೆ ನಮ್ಮ ವಿದ್ಯಾರ್ಥಿಗಳನ್ನು ಸದಸ್ಯರನ್ನಾಗಿ ಮಾಡಿಸಿದೆವು. ಇಂಗ್ಲಿಷ್ ಪುಸ್ತಕಗಳಿಗೆ ಅದು ತುಂಬ ಅನುಕೂಲ. ಆದರೆ ನಮ್ಮ ಸೆಮಿಸ್ಟರಿನ ಕನ್ನಡ ಪಠ್ಯ, ನಮ್ಮ ಮೇಷ್ಟ್ರ ನೋಟ್ಸು ಅಲ್ಲಿರಲು ಹೇಗೆ ಸಾಧ್ಯ? ಅವನ್ನು ನಾವೇ ಮಾಡಿಕೊಳ್ಳಬೇಕು.

ನೋಟ್ಸು ಸುಲಭದ ಕೆಲಸ, ಹೇಗೂ ಟೈಪ್ ಆಗಿಯೇ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹುಪಾಲು ಫೈಲುಗಳು ಕಾಲೇಜಿನ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಆದವು. ಪರದೆಯ ಮೇಲೆ ಅಪ್ಪಟ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ಒಳಗಿರುವುದು ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಗುರುತು, ಹೀಗೆ ಸಾಗುತ್ತದೆ. ಕಣ್ಣಿಗೆ ಫಾಂಟು ಮೋಸ ಮಾಡುತ್ತದೆ, ಸ್ಕ್ರೀನ್ ರೀಡರಿಗೆ ಆ ಮೋಸ ಗೊತ್ತಿಲ್ಲ. ಅದು ನಿಯತ್ತಾಗಿ ಪಿ, ಎ, ಪೌಂಡ್ ಅಂತ ಓದಿಕೊಂಡು ಹೋಗುತ್ತದೆ.

ನುಡಿಯಿಂದ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರ ಒಳಗೂ ಕನ್ನಡವಾಗಿಯೇ ಇರುವ ಸಂಕೇತಕ್ಕೆ, ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ತೊಡಕು ಬರುವುದು ನಡುನಡುವೆ ಇಂಗ್ಲಿಷ್ ಪದಗಳಿರುವ ನೋಟ್ಸಿನಲ್ಲಿ. ಪರಿವರ್ತಕ ಅವನ್ನೂ ನುಡಿ ಅಂತಲೇ ತಿಳಿದು ಕನ್ನಡಕ್ಕೆ ತಿರುಗಿಸಿಬಿಡುತ್ತದೆ. ಅರ್ಥಶಾಸ್ತ್ರದ ನೋಟ್ಸಿನಲ್ಲಿ ಇಂಗ್ಲಿಷಿನಲ್ಲಿದ್ದ ‘ಜಿಡಿಪಿ’ ಪರಿವರ್ತನೆಯಾದ ಮೇಲೆ ‘ಉಆ’ ಅಂತ ಶುರುವಾಗುತ್ತದೆ, ಏಕೆಂದರೆ ನುಡಿಯಲ್ಲಿ ಜಿ ಇದ್ದ ಜಾಗ ಉ, ಡಿ ಇದ್ದ ಜಾಗ ಆ. ಹಾಗಾಗಿ ಇಂಗ್ಲಿಷ್ ಭಾಗವನ್ನು ಮೊದಲೇ ಬೇರೆ ಎತ್ತಿಟ್ಟು, ಕನ್ನಡವನ್ನಷ್ಟೇ ಪರಿವರ್ತಿಸಿ, ಆಮೇಲೆ ಸೇರಿಸುತ್ತೇವೆ. ಮೇಷ್ಟ್ರುಗಳಿಗೆ ನಾನು ಕೇಳುವುದು ಒಂದೇ: ಪ್ರಿಂಟ್ ಬೇಡ, ಪಿಡಿಎಫ್ ಬೇಡ, ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿ ಕೊಡಿ. ಪುಸ್ತಕ ಬರೆದಿರುವ ಸ್ಥಳೀಯ ಲೇಖಕರನ್ನೂ ಹಾಗೇ ಕೇಳಿದ್ದೇನೆ. ಬಹಳ ಮಂದಿ ಖುಷಿಯಿಂದ ಕೊಟ್ಟರು.

ಫೈಲೇ ಇಲ್ಲದ ಪುಸ್ತಕ ಅಂದರೆ ಸ್ಕ್ಯಾನು, ಓಸಿಆರು (ಸ್ಕ್ಯಾನಿನ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ). ಸ್ಕ್ಯಾನನ್ನು 300 ಡಿಪಿಐಗೆ (ಒಂದಿಂಚಿಗೆ 300 ಚುಕ್ಕಿ) ಕಡಿಮೆ ಇಟ್ಟರೆ ಒತ್ತಕ್ಷರ ಹಾಳಾಗುತ್ತದೆ. ಪುಟ ಓರೆಯಾದರೆ ಸಾಲೇ ಹಾಳು. ಗೂಗಲ್ ಡ್ರೈವ್, ಟೆಸೆರಾಕ್ಟ್ ಎರಡಕ್ಕೂ ಕನ್ನಡ ಬರುತ್ತದೆ. ಮುದ್ರಣ ಚೆನ್ನಾಗಿದ್ದರೆ ಫಲವೂ ಚೆನ್ನಾಗಿಯೇ ಬರುತ್ತದೆ. ಕರಡು ತಿದ್ದಲು ಎನ್ನೆಸ್ಸೆಸ್ ಮಕ್ಕಳನ್ನು ಹಚ್ಚಿದ್ದೇನೆ. ಅವರಿಗೆ ಹೇಳಿಕೊಟ್ಟ ಮೊದಲ ಪಾಠ: ಕಣ್ಣಲ್ಲಿ ಓದಿ ತಿದ್ದಬೇಡಿ, ಇಯರ್‌ಫೋನ್ ಹಾಕಿ ಕೇಳಿ ತಿದ್ದಿ. ಅನುಸ್ವಾರ ಇರಬೇಕಾದ ಕಡೆ ಕನ್ನಡದ ಅಂಕಿ ಸೊನ್ನೆ ಬಂದಿದ್ದರೆ ಕಣ್ಣಿಗೆ ಎಂದೂ ಸಿಕ್ಕಿಬೀಳುವುದಿಲ್ಲ, ಎರಡೂ ಒಂದೇ ಥರ ದುಂಡಗಿವೆ. ಕಿವಿಗಾದರೆ ‘ಬಂತು’ ಅನ್ನಬೇಕಾದಲ್ಲಿ ‘ಬ ಸೊನ್ನೆ ತು’ ಕೇಳಿಸುತ್ತದೆ, ಯಾರಾದರೂ ಹಿಡಿಯುತ್ತಾರೆ. ಡಿಟಿಪಿಯವರಲ್ಲೂ ಕೆಲವರಿಗೆ ಸೊನ್ನೆಯನ್ನೇ ಅನುಸ್ವಾರದ ಜಾಗದಲ್ಲಿ ಒತ್ತುವ ಅಭ್ಯಾಸ ಇದೆ.

ಪುಸ್ತಕದ ಪುಟಸಂಖ್ಯೆಯನ್ನು ನಾವು ಅಳಿಸುವುದಿಲ್ಲ. ತರಗತಿಯಲ್ಲಿ ಮೇಷ್ಟ್ರು ‘ನಲವತ್ತೇಳನೇ ಪುಟ ತೆಗೀರಿ’ ಅಂದರೆ ಕಿವಿಯಲ್ಲಿ ಓದುವವನೂ ತೆಗೆಯಬೇಕಲ್ಲವೆ? ಪ್ರತಿ ಪುಟಸಂಖ್ಯೆಗೂ, ಅಧ್ಯಾಯದ ಹೆಸರಿಗೂ ವರ್ಡ್‌ನಲ್ಲಿ ಹೆಡಿಂಗ್ ಶೈಲಿ ಕೊಡುತ್ತೇವೆ. ಬರೀ ದಪ್ಪಕ್ಷರ ಮಾಡಿದರೆ ಸಾಲದು. ಹೆಡಿಂಗ್ ಇದ್ದರೆ ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ ಎಚ್ ಕೀಲಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಬೇಡಿಕೆಯ ರೇಖೆಯಂಥ ಚಿತ್ರಗಳನ್ನು ಮಾತಿನಲ್ಲಿ ಬರೆದು, ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಪ್ಪ ದಾರ ಅಂಟಿಸಿದ್ದನ್ನೂ ಕೊಡುತ್ತೇವೆ. ಎಡದ ಮೇಲಿಂದ ಬಲದ ಕೆಳಕ್ಕೆ ಬೆರಳಾಡಿಸಿದರೆ ರೇಖೆ ಇಳಿಯುವುದು ಗೊತ್ತಾಗುತ್ತದೆ. ಖರ್ಚು ಏನೂ ಇಲ್ಲ.

ಎಂ.ಎ. ಕನ್ನಡದವರ ಹಳಗನ್ನಡ ಕಾವ್ಯದ ಮುಂದೆ ಮಾತ್ರ ಯಂತ್ರ ಸೋತಿತು. ಱ, ೞ ಅಕ್ಷರಗಳನ್ನು ಓಸಿಆರ್ ತನಗೆ ತೋಚಿದ್ದಕ್ಕೆ ಬದಲಿಸಿಕೊಳ್ಳುತ್ತದೆ, ಅದನ್ನು ಕೂತು ತಿದ್ದಬಹುದು. ಕಂದಪದ್ಯದ ಕಷ್ಟ ಬೇರೆ. ನಾಲ್ಕು ಸಾಲಿನ ಈ ಪದ್ಯದಲ್ಲಿ ಒಂದನೇ ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡನೇ ಮತ್ತು ನಾಲ್ಕನೇ ಸಾಲಿಗೆ 20. ಆ ಲೆಕ್ಕಕ್ಕೆ ಪದವೊಂದು ಸಾಲಿನ ಕೊನೆಯಲ್ಲಿ ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಚಾಚಿರುತ್ತದೆ. ಯಂತ್ರ ಸರಿಯಾಗಿ ಆ ಅರ್ಧದಲ್ಲೇ ಉಸಿರು ತೆಗೆದುಕೊಳ್ಳುತ್ತದೆ. ಕೇಳುವವನಿಗೆ ಪದವೂ ಇಲ್ಲ, ಪ್ರಾಸವೂ ಇಲ್ಲ. ಸಾಲು ಕೂಡಿಸಿ ಗದ್ಯದ ಹಾಗೆ ಬರೆದರೆ ಅರ್ಥ ಸಿಕ್ಕೀತು, ಛಂದಸ್ಸು ಹೋಯಿತು. ಕೊನೆಗೆ ವಿಭಾಗದ ಮೇಷ್ಟ್ರೊಬ್ಬರನ್ನು ಕೂರಿಸಿ, ಪ್ರತಿ ಪದ್ಯವನ್ನೂ ಎರಡು ಸಲ ಓದಿಸಿ ರೆಕಾರ್ಡ್ ಮಾಡಿದೆವು: ಒಮ್ಮೆ ಛಂದಸ್ಸಿಗೆ ತಕ್ಕಂತೆ, ಒಮ್ಮೆ ಪದ ಬಿಡಿಸಿ. ಒಂದು ಪದ್ಯಕ್ಕೆ ಒಂದು ಆಡಿಯೊ ಫೈಲು, ಹೆಸರಿನಲ್ಲಿ ಆಶ್ವಾಸ (ಕಾವ್ಯದ ಅಧ್ಯಾಯ), ಪದ್ಯದ ಸಂಖ್ಯೆ. ಕಣ್ಣಿರುವ ಮಕ್ಕಳೂ ಈಗ ಅದನ್ನೇ ಕೇಳುತ್ತಾರೆ.

‘ಇಡೀ ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ಕೇಸು ಬೀಳಲ್ವೆ?’ ಅಂತ ಆಡಳಿತದವರು ಹೆದರಿದ್ದರು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ 52ನೇ ಕಲಮಿನಲ್ಲಿ ಇದಕ್ಕೆ ದಾರಿ ಬಿಟ್ಟಿದೆ. ವಿಕಲಚೇತನರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರಿಗೆ ಒಗ್ಗುವ ರೂಪಕ್ಕೆ ಕೃತಿಯನ್ನು ಬದಲಿಸಬಹುದು, ಆದರೆ ಪ್ರತಿ ಅವರ ಕೈಯಲ್ಲೇ ಉಳಿಯಬೇಕು. ಆ ಕಲಮನ್ನು ಪ್ರಿಂಟ್ ತೆಗೆದು ಕಡತಕ್ಕೆ ಹಾಕಿಟ್ಟೆ. ವಿದ್ಯಾರ್ಥಿಯ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಪ್ರತಿ, ಒಂದು ಸಹಿ ಪಡೆದು ಫೈಲು ಕೊಡುತ್ತೇವೆ. ನನ್ನ ಪ್ರಕಾರ ರ‍್ಯಾಂಪಿಗಿಂತ ಮೊದಲು ಗ್ರಂಥಪಾಲಕರು ಓದಬೇಕಾದ ಕಲಮು ಅದು.

ರ‍್ಯಾಂಪಿನ ವಿಷಯ ಬಂತಲ್ಲ, ಅದು 1:12 ಇಳಿಜಾರಿಗಿಂತ ಕಡಿದಾಗಿರಬಾರದು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಕಪಾಟುಗಳ ನಡುವೆ ಗಾಲಿಕುರ್ಚಿ ನುಗ್ಗುವಷ್ಟು ಜಾಗ ಮಾಡಲು ಎರಡು ಕಪಾಟು ಹೊರಹಾಕಿದೆವು. ಮೇಲಿನ ಅರೆಯ ಪುಸ್ತಕವನ್ನು ಸಿಬ್ಬಂದಿಯೇ ತೆಗೆದುಕೊಡುತ್ತಾರೆ. ಗೆಳೆಯರು ವಿಕಲಚೇತನ ವಿದ್ಯಾರ್ಥಿಗಳ ಕಾರ್ಡಿನಲ್ಲಿ ಪುಸ್ತಕ ಒಯ್ಯಬಹುದು, ತಡವಾದರೆ ದಂಡವಿಲ್ಲ. ಕಿವಿ ಕೇಳದ ವಿದ್ಯಾರ್ಥಿನಿ ಏನು ಬೇಕೋ ಮೊದಲೇ ವಾಟ್ಸಪ್ ಮಾಡುತ್ತಾಳೆ, ಕೌಂಟರಿನಲ್ಲಿ ಪುಸ್ತಕ ತಯಾರಿರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ನಮ್ಮಲ್ಲಿಗೆ ಬಂದಿರುವವರು ಮೂರ‍್ನಾಲ್ಕು ಬಗೆಯವರಷ್ಟೆ, ಉಳಿದವರ ಬಗ್ಗೆ ಮಾತಾಡುವ ಅನುಭವ ನನಗಿಲ್ಲ.

ಪುಸ್ತಕ ಯಾವಾಗ ಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಪರೀಕ್ಷೆಯ ಹಿಂದಿನ ವಾರ ಕೈಗೆ ಬಂದ ಪಠ್ಯ ಬಂದೂ ಬಾರದ ಹಾಗೆ. ಸೆಮಿಸ್ಟರ್ ಶುರುವಾಗುವ ಮುಂಚೆಯೇ ವಿಭಾಗಗಳಿಂದ ಪಠ್ಯಪಟ್ಟಿ ತರಿಸಿ, ದಾಖಲಾತಿ ಕೌಂಟರಿನಲ್ಲೇ ಕೇಳುತ್ತೇವೆ: ಹೇಗೆ ಓದುತ್ತೀಯ, ಮೊಬೈಲಿನಲ್ಲಾ, ದೊಡ್ಡ ಅಕ್ಷರದಲ್ಲಾ, ಬ್ರೈಲಿನಲ್ಲಾ? ಬ್ರೈಲ್ ಕೇಳುವವರು ಕಡಿಮೆಯಾಗಿದ್ದಾರೆ. ಮಂದದೃಷ್ಟಿಯವರಿಗೆ 18 ಪಾಯಿಂಟಿನ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿದರೆ ಸಾಕಾಗುತ್ತದೆ.

ಈಗ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಕೈ ಹಾಕಿದ್ದೇವೆ. ಜೆರಾಕ್ಸಿನ ಜೆರಾಕ್ಸು, ಓಸಿಆರ್ ಏನೂ ಓದುವುದಿಲ್ಲ, ಕೈಯಲ್ಲೇ ಟೈಪ್ ಮಾಡಬೇಕು. ತಿದ್ದಿ ಮುಗಿದ ಪುಸ್ತಕಗಳ ಪಟ್ಟಿಯನ್ನು ತಿಪಟೂರು, ಮಧುಗಿರಿ ಕಡೆಯ ಗ್ರಂಥಪಾಲಕರಿಗೂ ಕಳಿಸಿದ್ದೇನೆ. ಯುಡಿಐಡಿ ಪ್ರತಿ ಕಳಿಸಿದರೆ ಫೈಲು ಹೋಗುತ್ತದೆ, ಅದೇ ಪುಸ್ತಕವನ್ನು ಅವರು ಮತ್ತೆ ಸ್ಕ್ಯಾನ್ ಮಾಡಬೇಕಾಗಿಲ್ಲ.