ಸಾವಿರ ಜನಕ್ಕೆ ಅಡುಗೆ, ನನಗೆ 30 ಎಂಎಲ್

ಮನೆಯಲ್ಲಿದ್ದ ತೂಕದ ಮಿಷನ್ 120 ಕೆಜಿಗೆ ನಿಂತುಬಿಡುತ್ತಿತ್ತು. ಹಾಗಾಗಿ ನನ್ನ ನಿಜವಾದ ತೂಕ ಗೊತ್ತಾಗಿದ್ದು ಹಾಸನದ ಎಪಿಎಂಸಿ ಯಾರ್ಡಿನಲ್ಲಿ. ಮದುವೆಯೊಂದಕ್ಕೆ ಆಲೂಗಡ್ಡೆ ತರಲು ಹೋಗಿದ್ದೆ. ಮೂಟೆ ತೂಗಿ ಇಳಿಸಿದ ಹಮಾಲಿ ಹುಡುಗ, "ಅಣ್ಣ, ನೀವೂ ಒಂದ್ಸಲ ಹತ್ತಿ ನೋಡಿ" ಅಂದ. ಹತ್ತಿದೆ. 132. ಎರಡೂವರೆ ಮೂಟೆಗಿಂತ ಜಾಸ್ತಿ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಹೆಂಡತಿಗೆ ಮಾತ್ರ ಹೇಳಲಿಲ್ಲ.

ನಾನು ಅಡುಗೆ ಕಂಟ್ರಾಕ್ಟರ್. ಮದುವೆ, ಬೀಗರೂಟ, ಗೃಹಪ್ರವೇಶ, ತಿಥಿ ಎಲ್ಲಕ್ಕೂ ಹೋಗುತ್ತೇನೆ. ನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ತಟ್ಟೆಗೆ ಎಷ್ಟು ಅನ್ನುವ ಲೆಕ್ಕ ಮಾತ್ರ ಯಾವತ್ತೂ ಇಟ್ಟವನಲ್ಲ. ಅಡುಗೆಯವನು ಕೂತು ಊಟ ಮಾಡುವುದೇ ಕಮ್ಮಿ. ರಾತ್ರಿ ಎರಡು ಗಂಟೆಗೆ ಸಾರಿನ ಉಪ್ಪು ನೋಡು, ಮೂರಕ್ಕೆ ಹೋಳಿಗೆ ಹೂರಣ ನೋಡು, ಐದಕ್ಕೆ ಉಪ್ಪಿಟ್ಟಿನ ಹದ ನೋಡು. ಎಲ್ಲ ಪಂಕ್ತಿ ಎದ್ದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಉಳಿದದ್ದನ್ನೆಲ್ಲ ಒಟ್ಟಿಗೆ ಬಡಿಸಿಕೊಂಡು ಕೂರು. 'ರುಚಿ ನೋಡೋದು' ಅಂತ ನಾವು ಹೇಳುವುದೇ ಬೇರೆಯವರ ಒಂದು ಊಟದಷ್ಟಾಗುತ್ತಿತ್ತು.

43 ವರ್ಷಕ್ಕೆ ಆರು ವರ್ಷದ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಎಲ್ಲ ಜೊತೆಗಿದ್ದವು. ಪಥ್ಯ ಮಾಡಿಲ್ಲ ಅಂತಲ್ಲ. ಎರಡು ಸಲ 15 ಕೆಜಿ ಇಳಿಸಿದ್ದೆ, ಎರಡು ಸಲವೂ 20 ಏರಿಸಿಕೊಂಡಿದ್ದೆ. 2022ರ ಹಾಸನಾಂಬ ದರ್ಶನದ ಸಾಲಿನಲ್ಲಿ ನಿಲ್ಲಲಾಗದೆ ಅರ್ಧಕ್ಕೇ ಹೊರಗೆ ಬಂದು ಯಾರದೋ ಅಂಗಡಿ ಕಟ್ಟೆಯ ಮೇಲೆ ಕೂತೆ. ವರ್ಷಕ್ಕೊಮ್ಮೆ ತೆರೆಯುವ ಬಾಗಿಲು, ನಮ್ಮೂರಿನದೇ ದೇವಿ. ಅವ್ವ ಒಳಗೆ ಹೋಗಿ ಬಂದು ಕುಂಕುಮ ಹಚ್ಚಿ, "ಏನ್ಲಾ ಮಗ, ಹಿಂಗಾಗೋದೆ" ಅಂದಿತು.

ಹೆದರಿಸಿದ್ದು ಅದಲ್ಲ, ನಿದ್ದೆ. ರಾತ್ರಿ ಹೆಂಡತಿ ತಟ್ಟಿ ಎಬ್ಬಿಸುತ್ತಿದ್ದಳು, "ರೀ, ಉಸಿರೇ ನಿಂತೋಗಿತ್ತು ಕಣ್ರೀ" ಅಂತ. ಬೆಂಗಳೂರಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದಾಗ ಸ್ಲೀಪ್ ಅಪ್ನಿಯಾ, ಅದೂ ಜೋರಾಗಿದೆ ಅಂದರು. ಮೂಗಿಗೆ ಕಟ್ಟಿಕೊಂಡು ಮಲಗುವ ಸಿಪ್ಯಾಪ್ ಮಿಷನ್ ಕೊಟ್ಟರು. ಅಲ್ಲಿಂದಲೇ ಬೇರಿಯಾಟ್ರಿಕ್ ಸರ್ಜನ್, ಅಂದರೆ ತೂಕ ಇಳಿಸುವ ಆಪರೇಷನ್ ಮಾಡುವವರ ಹತ್ತಿರ ಕಳಿಸಿದರು. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 46 ದಾಟಿತ್ತು.

ಸರ್ಜನ್ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಎರಡು ದಾರಿ. ಒಂದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದುದ್ದ ಸ್ಟೇಪ್ಲರ್ ಪಿನ್ನಿನಿಂದ ಹೊಲಿಯುತ್ತಾರೆ. ಕೊಳಗದಂತಿದ್ದದ್ದು ಬಾಳೆಕಾಯಿಯಂತಾಗುತ್ತದೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ, ಹಾಗಾಗಿ ಹಸಿವೂ ಕಮ್ಮಿಯಾಗುತ್ತದೆ. ಇನ್ನೊಂದು ಬೈಪಾಸ್. ಮೇಲೆ ಒಂದು ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುವುದು. ಎದೆಯುರಿ, ಹುಳಿತೇಗು ಜಾಸ್ತಿ ಇರುವವರಿಗೆ ಸ್ಲೀವ್ ಅಷ್ಟು ಒಳ್ಳೆಯದಲ್ಲ, ಆಗ ಬೈಪಾಸ್ ಅನ್ನುತ್ತಾರೆ. ನನಗೆ ಆ ತೊಂದರೆ ಇರಲಿಲ್ಲ. ಎಂಡೋಸ್ಕೋಪಿಯೂ ಸರಿಯಾಗಿಯೇ ಬಂತು. ಸ್ಲೀವ್ ಅಂತಾಯಿತು.

"ಇಷ್ಟ ಆಗಲಿಲ್ಲ ಅಂದ್ರೆ ವಾಪಸ್ ಮಾಡಬಹುದಾ?" ಅಂತ ಕೇಳಿದೆ. "ಕತ್ತರಿಸಿದ್ದನ್ನ ಎಲ್ಲಿಂದ ತರೋದು?" ಅಂದರು. ಆ ರಾತ್ರಿ ಇಡೀ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು.

ವಿಮೆಯ ವಿಷಯ ಹೇಳಲೇಬೇಕು, ಯಾಕಂದರೆ ಆಪರೇಷನ್ನಿಗಿಂತ ಜಾಸ್ತಿ ಸುಸ್ತಾಗಿದ್ದು ಅದರಲ್ಲೇ. ಮೊದಲು ಕೇಳಿದಾಗ ಸೌಂದರ್ಯದ ಚಿಕಿತ್ಸೆ ಅಂತ ವಾಪಸ್ ಕಳಿಸಿದರು. 132 ಕೆಜಿ ಅಡುಗೆಯವನಿಗೆ ಯಾವ ಸೌಂದರ್ಯ ಸ್ವಾಮಿ! ವಿಮಾ ನಿಯಂತ್ರಕರಾದ ಐಆರ್‌ಡಿಎಐ ನಿಯಮದಲ್ಲೇ ಇದೆ: ಡಾಕ್ಟರ್ ಸಲಹೆ ಇರಬೇಕು, 18 ವರ್ಷ ದಾಟಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. 35 ಅಥವಾ ಹೆಚ್ಚಿದ್ದು ಜೋರಾದ ಸ್ಲೀಪ್ ಅಪ್ನಿಯಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇದ್ದರೂ ಸಲ್ಲುತ್ತದೆ, ಆದರೆ ಬೇರೆ ಉಪಾಯ ಮಾಡಿ ನೋಡಿ, ಅದರಿಂದ ತೂಕ ಇಳಿಯಲಿಲ್ಲ ಅಂತಿರಬೇಕು. ಹಳೆ ಡಯಟ್ ಚೀಟಿ, ಸ್ಲೀಪ್ ಸ್ಟಡಿ ರಿಪೋರ್ಟು, ಸರ್ಜನ್ ಪತ್ರ ಎಲ್ಲ ಸೇರಿಸಿ ಮತ್ತೆ ಹಾಕಿದ ಮೇಲೆ ಒಪ್ಪಿದರು. ಆದರೂ ಕೈಯಿಂದ 90 ಸಾವಿರ ಹೋಯಿತು. ಪಾಲಿಸಿಯಲ್ಲಿ ಇದಕ್ಕೆ ಎಷ್ಟು ವರ್ಷ ಕಾಯಬೇಕು ಅಂತ ಬರೆದಿರುತ್ತಾರೆ, ಅದನ್ನು ಮೊದಲೇ ಓದಿಕೊಳ್ಳಿ.

ಆಪರೇಷನ್ನಿಗೆ ಎರಡು ವಾರ ಮೊದಲಿಂದ ಅನ್ನ, ಮುದ್ದೆ, ಎಣ್ಣೆ, ಸಕ್ಕರೆ ಎಲ್ಲ ಬಂದ್. ಪ್ರೋಟೀನ್ ಪುಡಿ, ಮಜ್ಜಿಗೆ, ಬೇಯಿಸಿದ ತರಕಾರಿ ಅಷ್ಟೇ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಬಿದ್ದುಕೊಂಡಿರುತ್ತದಂತೆ. ಅದು ಕುಗ್ಗಿದರೆ ಸರ್ಜನ್ನಿಗೆ ಕೈಯಾಡಿಸಲು ಜಾಗ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಚಟವನ್ನೂ ಬಿಡಿಸಿದರು. ನಿಜ ಹೇಳಬೇಕಂದರೆ ಊಟ ಬಿಡುವುದಕ್ಕಿಂತ ಇದೇ ಕಷ್ಟವಾಯಿತು.

2023ರ ಆಷಾಢದಲ್ಲಿ ಮಾಡಿಸಿದೆ. ಆಷಾಢ ಯಾಕಂದರೆ ಮದುವೆ ಇರುವುದಿಲ್ಲ, ನಮಗೆ ರಜಾ. ಹೊಟ್ಟೆಗೆ ಐದು ತೂತು, ಲ್ಯಾಪ್ರೋಸ್ಕೋಪಿ. ಅವತ್ತು ಸಂಜೆಯೇ ಎಬ್ಬಿಸಿ ನಡೆಸಿದರು. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಹೊಟ್ಟೆಗೇ ಇಂಜೆಕ್ಷನ್. ಶ್ವಾಸಕೋಶದ ವ್ಯಾಯಾಮಕ್ಕೆ ಮೂರು ಚೆಂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದನ್ನು ಊದುವುದಲ್ಲ, ಉಸಿರು ಒಳಗೆ ಎಳೆಯಬೇಕು. ನಾನು ಅರ್ಧ ದಿನ ಊದುತ್ತಲೇ ಇದ್ದೆ. ನೋವು ಹೊಟ್ಟೆಗಿಂತ ಭುಜದಲ್ಲಿ ಜಾಸ್ತಿ. ಆಪರೇಷನ್ನಿಗೆ ಹೊಟ್ಟೆ ಉಬ್ಬಿಸಲು ಒಳಗೆ ತುಂಬಿದ ಗ್ಯಾಸಿನದು ಅಂತ ನರ್ಸಮ್ಮ ಹೇಳುವವರೆಗೆ ಹಾರ್ಟ್ ಅಟ್ಯಾಕೇ ಅಂದುಕೊಂಡಿದ್ದೆ.

ಮೂರನೇ ದಿನ ಕಾರಲ್ಲಿ ಮನೆಗೆ. ಸೀಟ್ ಬೆಲ್ಟ್ ಒತ್ತದಂತೆ ಹೊಟ್ಟೆಗೆ ದಿಂಬು. ಗಂಟೆಗೊಮ್ಮೆ ಇಳಿದು ನಡೆಯಬೇಕು ಅಂದಿದ್ದರು. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಮೂರು ಕಡೆ ಇಳಿದೆ. ಮೂರು ಕಡೆಯೂ ಹೋಟೆಲಿನಿಂದ ಒಗ್ಗರಣೆ ವಾಸನೆ ಬಂತು. ಹಸಿವೇ ಇಲ್ಲ. ಆದರೂ ಚನ್ನರಾಯಪಟ್ಟಣದಲ್ಲಿ, ಈ ಒಗ್ಗರಣೆಗೆ ಇಂಗು ಹಾಕಿಲ್ಲ, ಅಂದುಕೊಂಡೆ. ಹೊಟ್ಟೆ ಹೋದರೂ ಮೂಗು ಹಾಗೇ ಇತ್ತು.

ಮನೆಗೆ ಹೊರಡುವಾಗ ಆಸ್ಪತ್ರೆಯವರು 30 ಎಂಎಲ್‌ನ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟಿದ್ದರು. ಕೆಮ್ಮಿನ ಸಿರಪ್ಪಿನ ಮುಚ್ಚಳ ಇರುತ್ತದಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಗುಟುಕು ಗುಟುಕಾಗಿ, ದಿನವಿಡೀ. ಮೊದಲು ನೀರು, ಎಳನೀರು, ಬೇಳೆ ಕಟ್ಟು. ಆಮೇಲೆ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ನುಣ್ಣಗೆ ರುಬ್ಬಿದ್ದು. ಆಮೇಲೆ ಮೆತ್ತಗಿನದು. ಒಂದೊಂದು ಮೆಟ್ಟಿಲಿಗೂ ಒಂದೆರಡು ವಾರ. ಬೇಳೆ ಕಟ್ಟು ನಾನೇ ಮಾಡಿಕೊಳ್ಳುತ್ತಿದ್ದೆ. ಸಾವಿರ ಜನಕ್ಕೆ ಸಾರು ಮಾಡಿದ ಕೈಗೆ ಒಂದು ಹಿಡಿ ಬೇಳೆಯ ಅಂದಾಜೇ ಸಿಗುತ್ತಿರಲಿಲ್ಲ. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಸಮುದ್ರ. ಉಳಿದದ್ದನ್ನು ಮನೆಯವರೆಲ್ಲ ಒಂದು ವಾರ ಕುಡಿದರು.

ಆಪರೇಷನ್ ಆಗಿ ಏಳನೇ ವಾರ, ಶ್ರಾವಣ. ಹೊಳೆನರಸೀಪುರದ ಕಡೆ ಒಂದು ಬೀಗರೂಟ. ಕೆಲಸಕ್ಕೆ ಹೋಗಿರಲಿಲ್ಲ, ಸುಮ್ನೆ ಮೇಲುಸ್ತುವಾರಿ. ಹುಡುಗರು ಮುದ್ದೆ ಕಟ್ಟುತ್ತಿದ್ದರು. ಬಿಸಿ ಮುದ್ದೆ, ಆವಿ ಮುಖಕ್ಕೆ ಬಡಿಯುತ್ತಿದೆ. ಪಕ್ಕದಲ್ಲಿ ಮಟನ್ ಸಾರು. ಹೆಬ್ಬೆರಳಷ್ಟು ಮುರಿದೆ, ಸಾರಲ್ಲಿ ಅದ್ದಿದೆ, ನುಂಗಿದೆ.

ನುಂಗಿದೆ ಅನ್ನುವುದೇ ಇಲ್ಲಿ ವಿಷಯ. ಪ್ರತಿ ತುತ್ತನ್ನೂ 25-30 ಸಲ ಅಗಿಯಬೇಕು ಅಂತ ಡಯಟೀಷಿಯನ್ ಮೇಡಂ ಸಾರಿ ಸಾರಿ ಹೇಳಿದ್ದರು. ಬೆಂಗಳೂರಿನವರು, ಅವರಿಗೇನು ಗೊತ್ತು? ಮುದ್ದೆಯನ್ನು ಅಗಿದು ತಿಂದರೆ ಹಾಸನದಲ್ಲಿ ಹೆಣ್ಣು ಕೊಡುವುದಿಲ್ಲ. ಹುಟ್ಟಿದಾಗಿನಿಂದ ನುಂಗಿದ ಗಂಟಲು ಅದು. ಮುದ್ದೆ ಎದೆಯ ನಡುವೆ ಹೋಗಿ ಕೂತುಬಿಟ್ಟಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಯಾರೋ ಒಳಗಿಂದ ಮುಷ್ಟಿಯಲ್ಲಿ ಹಿಡಿದಂತೆ. ಬಾಯಿತುಂಬ ನೊರೆನೊರೆ ಎಂಜಲು, ಉಗುಳಿದಷ್ಟೂ ಬರುತ್ತಲೇ ಇದೆ. ನೀರು ಕುಡಿದರೆ ಅದೂ ವಾಪಸ್. ಶಾಮಿಯಾನದ ಹಿಂದೆ ತೆಂಗಿನ ಮರ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತೆ, ಕೊನೆಗೆ ವಾಂತಿಯಾಯಿತು. ಬೀಗರ ಕಡೆಯವರೊಬ್ಬರು ನೋಡಿ, "ಅಡುಗೆಯವನೇ ವಾಂತಿ ಮಾಡ್ತಾವ್ನೆ, ಊಟ ಮಾಡೋದಾ ಬೇಡ್ವಾ?" ಅಂದರಂತೆ. ಆ ಮನೆಯವರು ಮುಂದಿನ ಮದುವೆಗೆ ನನ್ನನ್ನು ಕರೆಯಲಿಲ್ಲ.

ಈಗ ಮುದ್ದೆಯನ್ನು ತೆಳ್ಳಗೆ ಸಾರಲ್ಲಿ ಕಲಸಿ, ಅಗಿದೇ ತಿನ್ನುತ್ತೇನೆ. ನಾಚಿಕೆ ಬಿಟ್ಟಿದ್ದೇನೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಇದನ್ನು ಹಗುರಾಗಿ ತಗೊಂಡು, ಸೌದೆ ಒಲೆ ಮುಂದೆ ಬೆವರಿ, ನೀರು ಮರೆತು ಒಂದು ಸಲ ಡ್ರಿಪ್ ಹಾಕಿಸಿಕೊಂಡು ಬಂದಿದ್ದೂ ಆಯಿತು.

ನಾಲ್ಕನೇ ತಿಂಗಳಿಗೆ ಕೂದಲು ಉದುರಿತು. ಬಾಚಣಿಗೆ ತುಂಬ. ತೂಕ ಬೇಗ ಇಳಿದಾಗ ಆಗುತ್ತದೆ, ಮತ್ತೆ ಬರುತ್ತದೆ ಅಂದಿದ್ದರು, ಮುಕ್ಕಾಲು ಪಾಲು ಬಂತು. ಪಿತ್ತಕೋಶದಲ್ಲಿ ಕಲ್ಲಾಗದಿರಲಿ ಅಂತ ಆರು ತಿಂಗಳು ಒಂದು ಮಾತ್ರೆ ಕೊಟ್ಟಿದ್ದರು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಜೀವನಪರ್ಯಂತ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಇರಬೇಕು. ಕಬ್ಬಿಣದ ಮಾತ್ರೆ ಜೊತೆ ಕಾಫಿಯೂ ಕೂಡದು. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದುಕೊಂಡು ಬೆಳಗ್ಗೆ ಎದ್ದು ಕಾಫಿಗೆ ಟೈಮ್ ಟೇಬಲ್ ಹಾಕಿಕೊಂಡು ಬದುಕುವುದು ನೋಡಿ.

ಒಂದೂವರೆ ವರ್ಷಕ್ಕೆ 91 ಕೆಜಿಗೆ ಬಂದೆ. ಸಕ್ಕರೆಗೆ ಮೂರು ಮಾತ್ರೆ ಇದ್ದದ್ದು ಒಂದಾಯಿತು. ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿದ ಮೇಲೆ ಸಿಪ್ಯಾಪ್ ಅಟ್ಟಕ್ಕೆ ಹೋಯಿತು. ಹೊಟ್ಟೆಯ ಚರ್ಮ ಮಾತ್ರ ಖಾಲಿ ಚೀಲದಂತೆ ಜೋತುಬಿದ್ದಿದೆ. ಶ್ರವಣಬೆಳಗೊಳದ ಆರುನೂರು ಚಿಲ್ಲರೆ ಮೆಟ್ಟಿಲನ್ನು ಮಗಳ ಜೊತೆ ಹತ್ತಿದೆ, ನಡುವೆ ಎರಡೇ ಸಲ ಕೂತೆ. ಬೇಜಾರಾಗಿದ್ದು ಊರಿನವರ ಮಾತಿಗೆ. "ಏನಣ್ಣ, ಸಕ್ಕರೆ ಜೋರಾಯ್ತಾ?" ಅಂತ ಕೇಳದವರಿಲ್ಲ. ಅಡ್ವಾನ್ಸ್ ಕೊಡಲು ಬಂದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಟ್ರು ಎಲ್ಲಿ?" ಅಂದರು. ನಾನೇ ಅಂದರೂ ನಂಬಲಿಲ್ಲ. ದಪ್ಪಗಿರುವ ಅಡುಗೆಯವನ ಸಾರೇ ರುಚಿ ಅಂತ ಜನರ ಲೆಕ್ಕ.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್ ಇಲ್ಲಿಗೂ ಬಂದ ಮೇಲೆ, "ಸುಮ್ನೆ ಕೊಯ್ಯಿಸಿಕೊಂಡ್ಯಲ್ಲ, ಸೂಜಿಯಲ್ಲೇ ಆಗ್ತಿತ್ತು" ಅನ್ನುವವರು ಹೆಚ್ಚಾಗಿದ್ದಾರೆ. ಇರಬಹುದು. ನಾನು ಆಪರೇಷನ್ ಮಾಡಿಸಿಕೊಂಡಾಗ ನನಗೆ ಇದ್ದದ್ದು ಇದು, ಮಾಡಿಸಿಕೊಂಡೆ. ಪಶ್ಚಾತ್ತಾಪವಿಲ್ಲ.

ಆದರೆ ಈಗ 95. ನಾಲ್ಕು ಕೆಜಿ ವಾಪಸ್ ಬಂದಿದೆ. ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಈ ಬಾಳೆಕಾಯಿ ಹೊಟ್ಟೆ ಮುದ್ದೆಯನ್ನು ತಡೆಯುತ್ತದೆ, ಅನ್ನವನ್ನು ತಡೆಯುತ್ತದೆ, ಮಾಂಸದ ತುಂಡನ್ನಂತೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಪಾಯಸವನ್ನು ತಡೆಯುವುದಿಲ್ಲ. ಜಾರಿ ಹೋಗುತ್ತದೆ. ಬಾಯಲ್ಲಿ ಕರಗುವ ಬೂಂದಿ, ಖಾರಾ ಸೇವ್ ಕೂಡ ಹಾಗೇ. ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಡಯಟೀಷಿಯನ್ ಮೇಡಂ ಒಂದು ವಾರ ಏನೇನು ಬಾಯಿಗೆ ಹಾಕಿದೆ ಅಂತ ಬರೆಸಿದರು. ಊಟ ಅಂತ ತಿಂದದ್ದು ಸರಿಯಾಗೇ ಇತ್ತು. 'ರುಚಿ ನೋಡಿದ್ದು' ಎರಡು ಪುಟ ಬಂತು.

ಈಗ ಆ 30 ಎಂಎಲ್ ಲೋಟ ನನ್ನ ಸೌಟಿನ ಪೆಟ್ಟಿಗೆಯಲ್ಲೇ ಇರುತ್ತದೆ. ಸಾರಿನ ರುಚಿಗೆ ಅಂಗೈ ಮೇಲೆ ಎರಡು ಹನಿ. ಪಾಯಸ ನೋಡುವ ಕೆಲಸವನ್ನು ಹುಡುಗನೊಬ್ಬನಿಗೆ ವಹಿಸಿದ್ದೇನೆ. ಅವನಿಗೆ ಇನ್ನೂ ಹದ ಸಿಕ್ಕಿಲ್ಲ, ಯಾವಾಗಲೂ ಒಂದು ಹಿಡಿ ಬೆಲ್ಲ ಜಾಸ್ತಿ ಹಾಕಿಸುತ್ತಾನೆ. ಇದುವರೆಗೆ ಯಾರೂ ದೂರಿಲ್ಲ.